ಬಾಗಲಕೋಟೆ ಹಲಗಿ ಕೇಳಿದವರು ಬಾರಿಸುವವರ ಹೆಸರನ್ನೂ ಕೇಳಬೇಕು

ನಾನು ಹುನಗುಂದ ತಾಲ್ಲೂಕಿನ ಹಳ್ಳಿಯವನು. ಕಾಲೇಜು ಓದಿದ್ದು ಇಳಕಲ್ಲಿನಲ್ಲಿ. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ಸುದ್ದಿ ಬರೆಯುವ ಕೆಲಸಕ್ಕೆಂದು ಬಾಗಲಕೋಟೆಗೆ ಬಂದಾಗ ನವನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ನಮ್ಮೂರಲ್ಲಿ ಯಾರದಾದರೂ ಮನೆ ಕೇಳಿದರೆ ಅಗಸಿ, ಗುಡಿ, ಬೇವಿನ ಗಿಡ ಹೇಳುತ್ತಾರೆ. ನವನಗರದಲ್ಲಿ ಹೇಳುವುದು ಸೆಕ್ಟರ್ ನಂಬರು. ಮೊದಲ ಕೆಲವು ತಿಂಗಳು ನನಗೆ ಅದು ಊರು ಅಂತ ಅನಿಸಲೇ ಇಲ್ಲ.

ಅನಿಸಿದ್ದು ಹೋಳಿ ಹುಣ್ಣಿಮೆ ಹತ್ತಿರ ಬಂದಾಗ. ಒಂದು ಸಂಜೆ ದೂರದಿಂದ ಹಲಗಿ ಸಪ್ಪಳ ಕೇಳಿಸಿತು. ಬಾಡಿಗೆ ಮನೆಯ ಮಾಲೀಕರು ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. 'ಹಲಗಿ ಕೇಳೂದಿದ್ರ ಹಳೇ ಊರಿಗೆ ಹೋಗ್ರಿ. ಇಲ್ಲಿ ಕೂತು ಏನ್ ಕೇಳ್ತೀರಿ' ಅಂದರು. ಗಾಡಿ ತಗೊಂಡು ಹೊರಟೆ.

ಕಿಲ್ಲಾ ಓಣಿಯ ಕಡೆ ಹೋಗುವಷ್ಟರಲ್ಲಿ ರಸ್ತೆ ತುಂಬಿ ಹೋಗಿತ್ತು. ಒಂದು ಗುಂಪು ಒಣ ಹುಲ್ಲಿಗೆ ಬೆಂಕಿ ಹಚ್ಚಿ ಹಲಗಿ ಕಾಯಿಸುತ್ತಿತ್ತು. ಒಬ್ಬ ಅಜ್ಜ ಬೆರಳಿನಿಂದ ಚರ್ಮ ತಟ್ಟಿ, ಕಿವಿ ಹತ್ತಿರ ಹಿಡಿದು, ಮತ್ತೆ ಬೆಂಕಿಗೆ ಹಿಡಿದ. ಕುಣಿಯಲು ಅವಸರ ಮಾಡುತ್ತಿದ್ದ ಹುಡುಗರಿಗೆ 'ತಡೀರಪಾ, ಇನ್ನಾ ಹಸಿ ಐತಿ' ಅಂದ. ಆಮೇಲೆ ಅಜ್ಜ ಒಬ್ಬನೇ ಒಂದು ಪೆಟ್ಟು ಶುರು ಮಾಡಿದ. ಉಳಿದವರು ಅದನ್ನು ಹಿಡಿದರು. ಅವನು ಬದಲಿಸಿದ, ಅವರೂ ಬದಲಿಸಿದರು. ನಡುವೆ ಒಬ್ಬ ಹುಡುಗ ಮುಂದೆ ಬಂದು ತನ್ನದೇ ಒಂದು ವರಸೆ ಹಾಕಿದ. ಅಜ್ಜ ನಕ್ಕು ಅದಕ್ಕೊಂದು ಉತ್ತರ ಕೊಟ್ಟ. ರಾತ್ರಿ ಎರಡು ಗಂಟೆಯವರೆಗೆ ನಾನು ಅವರ ಹಿಂದೆಯೇ ತಿರುಗಿದೆ.

ಅಂದಿನಿಂದ ಆ ಮೇಳ ನನ್ನ ಮೆಚ್ಚಿನ ಬ್ಯಾಂಡು. ಆ ರಾತ್ರಿ ತೆಗೆದ ವಿಡಿಯೋವನ್ನು ಬೆಂಗಳೂರಿನಲ್ಲಿರುವ ಗೆಳೆಯನಿಗೆ ಕಳಿಸಿದೆ. ಅವನು ಅಲ್ಲಿ ಹೋಟೆಲುಗಳಲ್ಲಿ ಜಾಜ್ ಕೇಳಲು ಹೋಗುವವನು. 'ಇದು ನಮ್ಮ ಜಾಜ್ ಬ್ಯಾಂಡ್ ಅಲ್ಲೇನೋ' ಅಂತ ಬರೆದ. ತಮಾಷೆಗೆ ಬರೆದಿದ್ದ. ನಾನು ಮಾತ್ರ ಜಾಜ್ ಎಲ್ಲಿಂದ ಬಂತು ಅಂತ ಓದಲು ಕೂತೆ. ಓದುತ್ತಾ ಹೋದಂತೆ ತಮಾಷೆ ಉಳಿಯಲಿಲ್ಲ.

ಜಾಜ್ ಅಂದರೇನು

ಜಾಜ್ ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಊರಿನಲ್ಲಿ ಹುಟ್ಟಿದ ಸಂಗೀತ. ಆ ಊರು ಮಿಸಿಸಿಪ್ಪಿ ನದಿಯ ದಂಡೆಯ ಮೇಲಿದೆ. ಕಾರ್ನೆಟ್, ಕ್ಲಾರಿನೆಟ್, ಟ್ರಾಂಬೋನ್, ಡ್ರಮ್ ಅದರ ಮೊದಲಿನ ವಾದ್ಯಗಳು, ಸ್ಯಾಕ್ಸೊಫೋನ್ ಆಮೇಲೆ ಸೇರಿದ್ದು. ಒಂದು ಧಾಟಿಯನ್ನು ಎಲ್ಲರೂ ಹಿಡಿಯುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಅದನ್ನು ತಮಗೆ ತೋಚಿದಂತೆ ಬೆಳೆಸುತ್ತಾರೆ. ಬರೆದಿಟ್ಟದ್ದಕ್ಕಿಂತ ಆ ಹೊತ್ತಿಗೆ ಹುಟ್ಟಿದ್ದಕ್ಕೆ ಅಲ್ಲಿ ಬೆಲೆ ಹೆಚ್ಚು.

ನಮ್ಮ ನಾಡಿಗೂ ಜಾಜ್‌ಗೂ ನಂಟು ಬೆಸೆದವರು ಕದ್ರಿ ಗೋಪಾಲನಾಥರು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗ. ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತು, ಆ ಪರದೇಶಿ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದರು. 1980ರಲ್ಲಿ ಮುಂಬೈಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾಜ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ಒಂದೇ ವೇದಿಕೆಯಲ್ಲಿ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2019ರಲ್ಲಿ ತೀರಿಕೊಂಡರು.

ಇಷ್ಟು ಹಲವರಿಗೆ ಗೊತ್ತಿರುವ ಸಂಗತಿ. ನನ್ನನ್ನು ತಡೆದು ನಿಲ್ಲಿಸಿದ್ದು ಜಾಜ್ ಹುಟ್ಟುವುದಕ್ಕಿಂತ ಹಿಂದಿನ ಕಥೆ.

ನಿಷೇಧವಾದ ಚರ್ಮವಾದ್ಯ

ಆಫ್ರಿಕಾದಿಂದ ಜನರನ್ನು ಹಿಡಿದು, ಹಡಗಿನಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಿ ಗುಲಾಮರನ್ನಾಗಿ ಮಾರುತ್ತಿದ್ದ ಕಾಲ ಅದು. 1739ರಲ್ಲಿ ಸೌತ್ ಕೆರೊಲಿನಾ ಪ್ರಾಂತ್ಯದಲ್ಲಿ ಗುಲಾಮರು ದಂಗೆ ಎದ್ದರು. ಅವರು ಡೋಲು ಬಾರಿಸುತ್ತಾ ನಡೆದಿದ್ದರು, ಆ ಸಪ್ಪಳ ಕೇಳಿ ಜನ ಸೇರಿಕೊಂಡಿದ್ದರು. ಮರುವರ್ಷ, 1740ರಲ್ಲಿ, ಗುಲಾಮರು ಡೋಲು ಇಟ್ಟುಕೊಳ್ಳುವುದನ್ನೂ ಬಾರಿಸುವುದನ್ನೂ ಅಲ್ಲಿನ ಕಾನೂನು ನಿಷೇಧಿಸಿತು. ಒಂದು ಚರ್ಮವಾದ್ಯಕ್ಕೆ ಸರ್ಕಾರ ಹೆದರಿತ್ತು.

ನ್ಯೂ ಆರ್ಲಿಯನ್ಸ್‌ನಲ್ಲಿ ಸ್ವಲ್ಪ ಬೇರೆ. ಅಲ್ಲಿ ಭಾನುವಾರ ಗುಲಾಮರಿಗೆ ಬಿಡುವು ಸಿಗುತ್ತಿತ್ತು. 1817ರಲ್ಲಿ ನಗರಾಡಳಿತ ಅವರು ಸೇರುವುದಕ್ಕೆ ಒಂದೇ ಜಾಗ ಗೊತ್ತುಮಾಡಿತು. ಆ ಬಯಲಿಗೆ ಕಾಂಗೋ ಸ್ಕ್ವೇರ್ ಎಂಬ ಹೆಸರು ಬಂತು. ವಾರಕ್ಕೊಮ್ಮೆ ಅಲ್ಲಿ ಡೋಲು ಬಾರಿಸಿ ಕುಣಿಯುತ್ತಿದ್ದರು.

1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಅಂತರ್ಯುದ್ಧ ಮುಗಿದ ಮೇಲೆ ಸೈನ್ಯದ ಬ್ಯಾಂಡುಗಳ ಹಿತ್ತಾಳೆ ವಾದ್ಯಗಳು ಅಗ್ಗಕ್ಕೆ ಸಿಗತೊಡಗಿದವು. ಬಿಡುಗಡೆಯಾದ ಕಪ್ಪು ಜನ ಅವನ್ನು ಎತ್ತಿಕೊಂಡರು. ಬ್ಯಾಂಡು ಬೇಕಾಗುತ್ತಿದ್ದದ್ದು ಮದುವೆ, ಮೆರವಣಿಗೆಗೆ ಮಾತ್ರ ಅಲ್ಲ, ಸಾವಿಗೂ. ಬಡವರು ಸಂಘ ಕಟ್ಟಿಕೊಂಡು ವಂತಿಗೆ ಹಾಕುತ್ತಿದ್ದರು. ಸದಸ್ಯ ಸತ್ತರೆ ಆ ಹಣದಲ್ಲಿ ಮಣ್ಣು ಮಾಡುವುದು, ಬ್ಯಾಂಡು ಕರೆಸುವುದು. ಸ್ಮಶಾನಕ್ಕೆ ಹೋಗುವಾಗ ನಿಧಾನದ ದುಃಖದ ಧಾಟಿ, ತಿರುಗಿ ಬರುವಾಗ ಕುಣಿಸುವ ಧಾಟಿ. ಹಿಂದೆ ಓಣಿಯ ಜನವೆಲ್ಲ ಕುಣಿಯುತ್ತಾ ಬರುತ್ತಿತ್ತು. ಈಗಲೂ ಆ ಊರಿನಲ್ಲಿ ಹೀಗೆಯೇ ನಡೆಯುತ್ತದೆ.

ಇದನ್ನು ಓದುವಾಗ ನನಗೆ ನಮ್ಮ ಹೋಳಿಯೇ ನೆನಪಾಯಿತು. ಹುಣ್ಣಿಮೆಗೆ ಕಾಮ ಸತ್ತನೆಂದು ಬಾಯಿ ಬಡಿದುಕೊಳ್ಳುತ್ತೇವೆ, ಸುಡುತ್ತೇವೆ. ಬೂದಿ ಆರುವ ಮೊದಲೇ ಬಣ್ಣ ಶುರುವಾಗುತ್ತದೆ. ಎರಡಕ್ಕೂ ಹಲಗಿಯೇ ಬೇಕು.

ನಮ್ಮ ಹಲಗಿಯ ಹಿಂದಿನ ಕಥೆ

ಹಲಗಿ ನೋಡಲು ಸರಳ ವಾದ್ಯ. ಕಟ್ಟಿಗೆಯ ದುಂಡನೆಯ ಚೌಕಟ್ಟು, ಒಂದೇ ಮಗ್ಗುಲಿಗೆ ಬಿಗಿದ ಚರ್ಮ. ಎಡ ಹೆಗಲಿಗೆ ತೂಗುಹಾಕಿಕೊಂಡು, ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳಗಿನ ಉದ್ದ ಕಡ್ಡಿ ಹಿಡಿದು ಬಾರಿಸುತ್ತಾರೆ. ದಪ್ಪ ಕೋಲು ಪೆಟ್ಟು ಹಾಕುತ್ತದೆ, ಸಣ್ಣ ಕಡ್ಡಿ ಅದರ ನಡುವಿನ ಜಾಗ ತುಂಬುತ್ತದೆ. ಥಂಡಿಗೆ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಕಾಯಿಸಬೇಕು. ಎಷ್ಟು ಕಾಯಿಸಬೇಕು ಅನ್ನುವುದನ್ನು ಕಿವಿಯೇ ಹೇಳಬೇಕು.

ಸತ್ತ ದನದ ಚರ್ಮ ಸುಲಿದು, ಹದ ಮಾಡಿ, ಬಿಗಿದು, ಬಾರಿಸುವ ಕೆಲಸವನ್ನು ಊರು ತಲೆಮಾರುಗಳಿಂದ ಒಂದೇ ಕೇರಿಯ ಮೇಲೆ ಹೊರಿಸಿತ್ತು. ಡಂಗುರ ಸಾರಲು, ಸಾವಿನ ಸುದ್ದಿ ಮುಟ್ಟಿಸಲು, ಜಾತ್ರೆಯಲ್ಲಿ ತೇರಿನ ಮುಂದೆ, ಹೆಣದ ಮುಂದೆ, ಎಲ್ಲದಕ್ಕೂ ಮಾದಿಗ ಸಮುದಾಯದವರು ಹಲಗಿ ಹಿಡಿದು ಬರಬೇಕಿತ್ತು. ಒಲ್ಲೆ ಅನ್ನುವ ಹಾಗಿರಲಿಲ್ಲ. ಕೂಲಿಯ ಲೆಕ್ಕವೂ ಇರಲಿಲ್ಲ, ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ಅಡಿಗೆ. ತೇರಿನ ಮುಂದೆ ಬಾರಿಸಿದವನು ಗುಡಿಯ ಹೊರಗೇ ನಿಲ್ಲಬೇಕು. ಅಮೆರಿಕದಲ್ಲಿ ಗುಲಾಮರಿಗೆ ಡೋಲು ಬಾರಿಸಬೇಡಿ ಅಂದರು. ನಮ್ಮಲ್ಲಿ ಬಾರಿಸಲೇಬೇಕು ಅಂದರು. ಎರಡು ಕಡೆಯೂ ಬಾರಿಸುವವರ ಇಷ್ಟ ಯಾರೂ ಕೇಳಲಿಲ್ಲ.

ಕೂಡಲಸಂಗಮ ನಮ್ಮ ಹುನಗುಂದದ ಪಕ್ಕದಲ್ಲೇ ಇದೆ. 12ನೇ ಶತಮಾನದಲ್ಲಿ ಬಸವಣ್ಣ ಮಾದಾರ ಚೆನ್ನಯ್ಯನನ್ನು ತನ್ನ ಹಿರಿಯನೆಂದು ಹೇಳಿಕೊಂಡ ನೆಲ ಇದು. ಆದರೂ ಕೇರಿ ಕೇರಿಯಾಗಿಯೇ ಉಳಿಯಿತು.

ಬ್ರಿಟಿಷರ ಕಾಲದಲ್ಲಿ ನಮ್ಮ ಭಾಗ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಯಲ್ಲಿತ್ತು. ಊರ ಚಾಕರಿಯನ್ನು ವಂಶಪಾರಂಪರ್ಯವಾಗಿ ಮಾಡುವ ಪದ್ಧತಿಗೆ 1874ರ ವತನ ಕಾಯ್ದೆ ಕಾನೂನಿನ ಮುದ್ರೆ ಒತ್ತಿತು. ಈ ಪದ್ಧತಿ ದಲಿತರನ್ನು ಊರಿಗೆ ಕಟ್ಟಿಹಾಕುತ್ತದೆ ಎಂದು ಡಾ. ಅಂಬೇಡ್ಕರ್ 1928ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಅದರ ತಿದ್ದುಪಡಿಗೆ ಮಸೂದೆ ತಂದರು. ಏಕೀಕರಣದ ನಂತರ ನಮ್ಮ ರಾಜ್ಯದಲ್ಲಿ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು. ಕಾಗದದ ಮೇಲೆ ಚಾಕರಿ ಹೋಯಿತು, ಊರಿನಲ್ಲಿ ಅಷ್ಟು ಬೇಗ ಹೋಗಲಿಲ್ಲ.

1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಹಳ್ಳಿ ಹಳ್ಳಿಯಲ್ಲಿ ಹುಡುಗರು ಪ್ರಶ್ನೆ ಕೇಳಿದರು. ಎಷ್ಟೋ ಕೇರಿಗಳು ಇನ್ನು ಮುಂದೆ ಬಿಟ್ಟಿ ಬಾರಿಸುವುದಿಲ್ಲ ಎಂದವು. ಅದೇ ಹೊತ್ತಿಗೆ ಹೋರಾಟದ ಮೆರವಣಿಗೆಗಳ ಮುಂದೆ ಅದೇ ತಮಟೆ, ಅದೇ ಹಲಗಿ ಮೊಳಗಿತು. ಅವಮಾನದ ಗುರುತಾಗಿದ್ದ ವಾದ್ಯವನ್ನು ಅವರು ತಮ್ಮ ದನಿಯಾಗಿ ಎತ್ತಿಕೊಂಡರು. ಹಲಗಿ ಕೆಳಗಿಟ್ಟವರೂ ಎತ್ತಿಕೊಂಡವರೂ ಕೇಳಿದ್ದು ಒಂದೇ, ಬಾರಿಸಬೇಕೋ ಬೇಡವೋ ಅನ್ನುವುದನ್ನು ತಾವೇ ನಿರ್ಧರಿಸುವ ಹಕ್ಕು.

ಬಾಗಲಕೋಟೆ ಹೋಳಿಯ ಹೆಚ್ಚುಗಾರಿಕೆ

ಬಾಗಲಕೋಟೆಯಲ್ಲಿ ಒಂದು ವಿಶೇಷವಿದೆ. ಹೋಳಿ ಬಂತೆಂದರೆ ಇಲ್ಲಿ ಹಲಗಿಗೆ ಜಾತಿ ಇಲ್ಲ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ, ಎಲ್ಲ ಕಡೆಯ ಗಂಡಸರೂ ಹುಡುಗರೂ ಹಲಗಿ ಹಿಡಿಯುತ್ತಾರೆ. ಅಂಗಡಿಯವನೂ ಬಾರಿಸುತ್ತಾನೆ, ಮಾಸ್ತರೂ ಬಾರಿಸುತ್ತಾರೆ. ಕಾಮದಹನ ಆದ ಮೇಲೆ ಪಾಳಿಯ ಮೇಲೆ ಬಣ್ಣದ ಬಂಡಿಗಳು ಹೊರಡುತ್ತವೆ. ಮೊದಲು ಎತ್ತಿನ ಬಂಡಿಯಲ್ಲಿ ಬ್ಯಾರಲ್ ಇಟ್ಟು ಬಣ್ಣ ಎರಚುತ್ತಿದ್ದರು, ಈಗ ಟ್ರ್ಯಾಕ್ಟರ್ ಬಂದಿವೆ. ರಾತ್ರಿ ಹಲಗಿಗಳ ಜೊತೆ ಶಹನಾಯಿ ಸೇರುತ್ತದೆ. ಕಾಮನನ್ನು ಸುಡುವ ಬೆಂಕಿಯನ್ನು ದಲಿತರ ಮನೆಯಿಂದ ತರುವ ರೂಢಿ ನಮ್ಮ ಭಾಗದ ಅನೇಕ ಊರುಗಳಲ್ಲಿ ಇದೆ, ಬಾಗಲಕೋಟೆಯಲ್ಲೂ ಇದೆ.

ಇದನ್ನು ನೋಡಿ ನನಗೆ ಹೆಮ್ಮೆ ಆಯಿತು. ನಮ್ಮೂರಲ್ಲಿ ನಾನು ಹಲಗಿ ಮುಟ್ಟಿದ್ದೇ ಇಲ್ಲ. ಮುಟ್ಟಿದ್ದರೆ ಮನೆಯಲ್ಲಿ ಬೈಗುಳ ಬೀಳುತ್ತಿತ್ತು. ಇಲ್ಲಿ ಯಾರೋ ಒಬ್ಬರು ನನ್ನ ಕೈಗೇ ಕೊಟ್ಟು 'ಹೊಡೀರಿ ಸರ' ಅಂದರು. ನನ್ನ ಪೆಟ್ಟು ತಾಳಕ್ಕೆ ಕೂಡಲಿಲ್ಲ, ಎಲ್ಲರೂ ನಕ್ಕರು, ನಾನೂ ನಕ್ಕೆ.

ಆದರೆ ಹೆಮ್ಮೆಯ ಜೊತೆಗೇ ಒಂದು ಪ್ರಶ್ನೆಯೂ ಬಂತು. ಇಷ್ಟೆಲ್ಲ ಹಲಗಿ ಸಾಮಾನು ಸಿದ್ಧ ಮಾಡಿದವರು ಯಾರು? ಹಬ್ಬದ ಐದು ದಿನ ಎಲ್ಲರದೂ ಆಗುವ ಹಲಗಿ, ಆರನೆಯ ದಿನ ಯಾರ ಮನೆಗೆ ಹೋಗುತ್ತದೆ? ಈಗ ಪೇಟೆಯಲ್ಲಿ ಕಬ್ಬಿಣದ ಬಳೆಗೆ ಫೈಬರ್ ಹಾಳೆ ಬಿಗಿದು, ನಟ್ಟು ಬೋಲ್ಟು ಹಾಕಿದ ಹಲಗಿ ಸಿಗುತ್ತದೆ. ಅದನ್ನು ಕಾಯಿಸುವ ಕೆಲಸವಿಲ್ಲ. ಚರ್ಮದ ವಾಸನೆ ಇಲ್ಲ, ಮೈಲಿಗೆಯ ಮಾತೂ ಇಲ್ಲ. ಅದರ ಜೊತೆಗೆ ಚರ್ಮ ಬಿಗಿಯಬಲ್ಲ ಕೈಗಳ ಕೂಲಿಯೂ ಇಲ್ಲ.

ಜಾಜ್ ಚರಿತ್ರೆಯಲ್ಲೂ ಇಂಥದ್ದು ನಡೆದಿದೆ. ಬಡ್ಡಿ ಬೋಲ್ಡನ್ ಎಂಬ ಕಪ್ಪು ವಾದಕ 1900ರ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಕಾರ್ನೆಟ್ ನುಡಿಸುತ್ತಿದ್ದ. ಜಾಜ್ ಶುರು ಮಾಡಿದವರ ಸಾಲಿನಲ್ಲಿ ಅವನ ಹೆಸರೇ ಮೊದಲು. ಅವನ ಒಂದೇ ಒಂದು ಧ್ವನಿಮುದ್ರಣ ಉಳಿದಿಲ್ಲ. 1907ರಲ್ಲಿ ಹುಚ್ಚಾಸ್ಪತ್ರೆ ಸೇರಿದವನು 1931ರಲ್ಲಿ ಅಲ್ಲೇ ಸತ್ತ. ಅವನ ಗೋರಿಯ ಮೇಲೆ ಹೆಸರು ಬರೆಸುವವರೂ ಆಗ ಇರಲಿಲ್ಲ. 1917ರಲ್ಲಿ ಮೊಟ್ಟಮೊದಲ ಜಾಜ್ ಗ್ರಾಮೋಫೋನ್ ತಟ್ಟೆ ಬಂತು. ನುಡಿಸಿದವರು ಐದು ಜನ ಬಿಳಿಯರು. ಜಾಜ್ ಹುಟ್ಟಿಸಿದವರು ತಾವೇ ಎಂದು ಅವರು ಹೇಳಿಕೊಂಡರು. ಮುಂದೆ ಲೂಯಿ ಆರ್ಮ್‌ಸ್ಟ್ರಾಂಗ್‌ನಂಥ ಕಪ್ಪು ಕಲಾವಿದರು ಜಗತ್ತಿನ ತುಂಬ ಹೆಸರು ಮಾಡಿದ ಮೇಲೆ ಆ ಮಾತು ನಿಲ್ಲಲಿಲ್ಲ. ಈಗ ಕಾಂಗೋ ಸ್ಕ್ವೇರ್ ಇರುವ ಉದ್ಯಾನಕ್ಕೆ ಆರ್ಮ್‌ಸ್ಟ್ರಾಂಗ್ ಹೆಸರೇ ಇದೆ.

ಎಲ್ಲರೂ ಬಾರಿಸಲಿ, ತಪ್ಪಿಲ್ಲ. ಸಂಗೀತ ಎಲ್ಲರದೂ ಆಗಬೇಕು. ಆದರೆ ಎಲ್ಲರದೂ ಆಗುವಾಗ ಅದನ್ನು ಕಷ್ಟದಲ್ಲಿ ಕಾಯ್ದುಕೊಂಡು ಬಂದವರ ಹೆಸರು ಅಳಿಸಿ ಹೋಗಬಾರದು.

ನೀರು ಬಂದ ಊರುಗಳು

ನ್ಯೂ ಆರ್ಲಿಯನ್ಸ್‌ಗೂ ಬಾಗಲಕೋಟೆಗೂ ಇನ್ನೊಂದು ಹೋಲಿಕೆ ಇದೆ. ಎರಡೂ ನೀರು ಕಂಡ ಊರುಗಳು.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಹೊಡೆದು, ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್‌ನ ಶೇ 80ರಷ್ಟು ಭಾಗ ಮುಳುಗಿತು. ಹೆಚ್ಚು ಕಷ್ಟಪಟ್ಟವರು ತಗ್ಗಿನ ಓಣಿಗಳ ಬಡ ಕಪ್ಪು ಜನ. ಬ್ಯಾಂಡಿನವರು ಬೇರೆ ಬೇರೆ ರಾಜ್ಯಗಳಿಗೆ ಚದುರಿ ಹೋದರು. ಮನೆ ಕಟ್ಟಿದರೆ ಮಾತ್ರ ಸಂಗೀತ ತಿರುಗಿ ಬರುತ್ತದೆ ಎಂದು ಅರಿತವರು ಅಲ್ಲಿದ್ದರು. ಆ ಊರಿನವರೇ ಆದ ಬ್ರ್ಯಾನ್‌ಫರ್ಡ್ ಮಾರ್ಸಾಲಿಸ್, ಹ್ಯಾರಿ ಕಾನಿಕ್ ಎಂಬ ಇಬ್ಬರು ಸಂಗೀತಗಾರರು ಮುಂದೆ ನಿಂತು, ಒಂದು ಸೇವಾ ಸಂಸ್ಥೆಯ ಜೊತೆ ಸೇರಿ ವಾದಕರಿಗೆಂದೇ ಒಂದು ಬಡಾವಣೆ ಕಟ್ಟಿಸಿದರು.

ಬಾಗಲಕೋಟೆಗೆ ನೀರು ಒಂದೇ ದಿನ ನುಗ್ಗಲಿಲ್ಲ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. ಹಿನ್ನೀರು ಘಟಪ್ರಭಾ ನದಿಯಲ್ಲಿ ಮೇಲಕ್ಕೆ ಬಂದು ಹಳೇ ಊರಿನ ತಗ್ಗಿನ ಭಾಗ ತಿಂದಿತು. ನವನಗರ ಎದ್ದಿತು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ಗೆ ಏರಿಸಲು ಅವಕಾಶ ಕೊಟ್ಟಿತು. ಅಂದರೆ ಹಳೇ ಊರಿನ ಇನ್ನಷ್ಟು ಜನರ ತಲೆಯ ಮೇಲೆ ಈ ಪ್ರಶ್ನೆ ತೂಗುತ್ತಲೇ ಇದೆ.

ಮನೆಗೆ ಪರಿಹಾರ ಉಂಟು, ಹೊಲಕ್ಕೆ ಪರಿಹಾರ ಉಂಟು. ಒಂದು ಓಣಿಯ ಹಲಗಿ ಮೇಳಕ್ಕೆ ಪರಿಹಾರ ಎಂಬುದು ಯಾವ ಫಾರ್ಮಿನಲ್ಲೂ ಇಲ್ಲ. ಅಕ್ಕಪಕ್ಕ ಇದ್ದ ಹತ್ತು ಮನೆಗಳು ಬೇರೆ ಬೇರೆ ಸೆಕ್ಟರಿಗೆ ಹೋದರೆ ಸಂಜೆ ಕೂಡಿ ಬಾರಿಸುವವರು ಯಾರು? ಹೋಳಿಗೆ ನವನಗರದವರು ಇವತ್ತಿಗೂ ಹಳೇ ಊರಿಗೆ ಬರುವುದು ಇದೇ ಕಾರಣಕ್ಕೆ ಅಂತ ನನಗನಿಸುತ್ತದೆ. ವರ್ಷಕ್ಕೊಮ್ಮೆಯಾದರೂ ಹಳೆಯ ಓಣಿಯ ಲೆಕ್ಕದಲ್ಲಿ ನಿಂತು ಬಾರಿಸಬೇಕು.

ಬಾದಾಮಿಯ ಕಲ್ಲಿನಲ್ಲಿ ಒಬ್ಬ ವಾದ್ಯದವನು

ಬಾದಾಮಿಯ ಒಂದನೇ ಗುಹೆಯ ಹೊರಗೆ ಹದಿನೆಂಟು ಕೈಯ ನಟರಾಜ ಇದ್ದಾನೆ. 6ನೇ ಶತಮಾನದ ಕೆತ್ತನೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮುಂದಿನ ಸಲ ಹೋದಾಗ ಶಿವನ ಪಕ್ಕ ನೋಡಿ. ಗಣಪತಿಯ ಹತ್ತಿರ ಒಬ್ಬ ಚರ್ಮವಾದ್ಯ ಬಾರಿಸುತ್ತಿದ್ದಾನೆ. ಶಿವ ಕುಣಿಯುವುದಕ್ಕೂ ತಾಳ ಬೇಕು, ತಾಳಕ್ಕೆ ಒಬ್ಬ ಮನುಷ್ಯ ಬೇಕು. ಅವನಿಗೆ ಕಲ್ಲಿನಲ್ಲಿ ಜಾಗ ಸಿಕ್ಕಿದೆ, ಹೆಸರು ಸಿಕ್ಕಿಲ್ಲ.

ಚಾಲುಕ್ಯರಿಗೆ ಹೆಸರು ಕೆತ್ತುವುದು ಗೊತ್ತಿರಲಿಲ್ಲ ಎಂದಲ್ಲ. ಬಾದಾಮಿ ತಾಲ್ಲೂಕಿನದೇ ಆದ ಪಟ್ಟದಕಲ್ಲಿಗೆ ಹೋಗಿ. 8ನೇ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನಗಳಲ್ಲಿ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಶಿಲ್ಪಿಗಳ ಹೆಸರಿದೆ. ಅಚಲ ಎಂಬ ನಟನ ಹೊಗಳಿಕೆ ಇದೆ. ಇನ್ನೊಂದು ಶಾಸನದಲ್ಲಿ, ಹಿಂದೆ ವಿಜಯಾದಿತ್ಯ ರಾಜ ಹಾಡುಗಾರರಿಗೆ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಮತ್ತೆ ಖಾತ್ರಿ ಮಾಡಿಕೊಟ್ಟದ್ದನ್ನು ಕೆತ್ತಲಾಗಿದೆ. ಸಂಗೀತ ಮಾಡುವವರಿಗೆ ಹಕ್ಕಿದೆ, ಅದನ್ನು ಬರೆದಿಡಬೇಕು ಎಂದು ನಮ್ಮ ಜಿಲ್ಲೆಯಲ್ಲಿ ಸುಮಾರು 1,300 ವರ್ಷಗಳ ಹಿಂದೆಯೇ ತಿಳಿದಿತ್ತು. ಇವತ್ತು ಹಲಗಿ ಮೇಳದವರ ಜೊತೆ ಆಗುವ ಒಪ್ಪಂದ ಬಾಯಿಮಾತಿನದು.

ಈ ಲೇಖನ ಬರೆಯುವಾಗ ನನಗೆ ನಮ್ಮೂರಿನ ಹಲಗಿಯವರು ನೆನಪಾದರು. ನಾನು ಸಣ್ಣವನಿದ್ದಾಗ ಹೊಲದಲ್ಲಿ ಹಲಗಿ ಸಪ್ಪಳ ಕೇಳಿದರೆ ಅವ್ವ ಕೆಲಸ ನಿಲ್ಲಿಸಿ 'ಯಾರು ಹೋದರೋ ಏನೋ' ಅನ್ನುತ್ತಿದ್ದಳು. ಊರಿನ ಎಷ್ಟೋ ಸಾವಿನ ಮುಂದೆ ಅವರೇ ನಡೆದಿದ್ದರು. ನಮ್ಮ ಅಜ್ಜನ ಮಣ್ಣಿಗೂ ಬಂದಿದ್ದರು. ಅವರ ಹೆಸರು ಏನು? ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿದೆ. ಅವಳೂ ಸ್ವಲ್ಪ ಹೊತ್ತು ಸುಮ್ಮನಾದಳು. 'ಹಲಗಿಯವ ಅಂತಿದ್ವಿ ನೋಡಪಾ. ತಡಿ, ಕೇಳಿ ಹೇಳ್ತೀನಿ' ಅಂದಳು. ಮರುದಿನ ಹೇಳಿದಳು. ಅವರ ಮನೆಯವರನ್ನು ಕೇಳದೆ ಆ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಮುಂದಿನ ಸಲ ಊರಿಗೆ ಹೋದಾಗ ಆ ಮನೆಗೆ ಹೋಗುತ್ತೇನೆ.

ನಿಮ್ಮೂರಿನಲ್ಲೂ ಹಲಗಿ ಇರುತ್ತದೆ, ಕರಡಿ ಮಜಲು ಇರುತ್ತದೆ, ಶಹನಾಯಿ ನುಡಿಸುವವರು ಇರುತ್ತಾರೆ. ಬರುವ ಹೋಳಿಗೆ, ಜಾತ್ರೆಗೆ ಫೋನಿನಲ್ಲಿ ವಿಡಿಯೋ ತೆಗೆಯುತ್ತೀರಲ್ಲ, ಆಗ ಒಂದು ನಿಮಿಷ ನಿಂತು ಬಾರಿಸುವವರ ಹೆಸರು ಕೇಳಿ. ಯಾರ ಹತ್ತಿರ ಕಲಿತರು ಅಂತ ಕೇಳಿ. ಅವರು ಒಪ್ಪಿದರೆ ವಿಡಿಯೋದ ಕೆಳಗೆ ಆ ಎರಡು ಹೆಸರು ಬರೆಯಿರಿ. ಕರೆಸಿದವರು ನೀವೇ ಆಗಿದ್ದರೆ ಕೂಲಿ ಎಷ್ಟು ಎಂದು ಮೊದಲೇ ಮಾತಾಡಿ, ಊಟಕ್ಕೆ ನಿಮ್ಮ ಪಂಕ್ತಿಯಲ್ಲೇ ಕೂಡಿಸಿಕೊಳ್ಳಿ.

ಕಿಲ್ಲಾ ಓಣಿಯ ಆ ಅಜ್ಜನ ಹೆಸರನ್ನು ನಾನು ಮರುವರ್ಷ ಕೇಳಿದೆ. ಹಲಗಿ ಬೆಂಕಿಗೆ ಹಿಡಿದವರು ತಲೆ ಎತ್ತಿ ನನ್ನನ್ನೇ ನೋಡಿದರು. 'ಹೆಸರು ತಗೊಂಡು ಏನ್ ಮಾಡ್ತೀರಿ ಸರ' ಅಂದರು. ಆಮೇಲೆ ತಮ್ಮ ಹೆಸರಿನ ಜೊತೆ ಅಪ್ಪನ ಹೆಸರು, ಅಪ್ಪನಿಗೆ ಕಲಿಸಿದ ಕಾಕಾನ ಹೆಸರು ಹೇಳಿದರು. ನನ್ನ ನೋಟ್‌ಬುಕ್ಕಿನಲ್ಲಿ ಮೂರೂ ಇವೆ.